ಮನೆ ನಕಾಶೆ ಕಲಿಯಲು ಯಾವ ದಾರಿ? ಕಲಬುರಗಿಯಲ್ಲಿ ಕೂತು ಕ್ಯಾಡ್ ಕ್ಲಾಸ್, ಐಟಿಐ, ಡಿಪ್ಲೊಮಾ, ಬಿ.ಆರ್ಕ್ ಹೋಲಿಸಿದಾಗ

ಮೇ ತಿಂಗಳು ಬಂತೆಂದರೆ ಸೇಡಂ ರಸ್ತೆಯ ನನ್ನ ಸಣ್ಣ ಆಫೀಸಿಗೆ ಎರಡು ಥರದ ಜನ ಬರುತ್ತಾರೆ. ಮಳೆ ಹಿಡಿಯುವುದರೊಳಗೆ ಪಾಯಾ ತೋಡಿಸಬೇಕೆಂದು ಅವಸರ ಮಾಡುವ ಮನೆ ಮಾಲೀಕರು ಒಂದು ಕಡೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಝೆರಾಕ್ಸ್ ಹಿಡಿದ ತಂದೆ-ತಾಯಿ ಇನ್ನೊಂದು ಕಡೆ. ಮೊದಲನೆಯವರಿಂದ ನನ್ನ ಹೊಟ್ಟೆ ತುಂಬುತ್ತದೆ. ಆದರೂ ಎರಡನೆಯವರ ಜೊತೆ ಮಾತಾಡುತ್ತ ಕೂತರೆ ತಾಸು ಹೋದದ್ದು ಗೊತ್ತಾಗುವುದಿಲ್ಲ.

ಕಳೆದ ವರ್ಷ ಜೇವರ್ಗಿ ಕಡೆಯ ರೈತರೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಗಣಿತದಲ್ಲಿ ಚುರುಕು. ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ತುಂಬ ಮನೆಗಳದೇ ಚಿತ್ರ. ತಂದೆ ಕೇಳಿದ್ದು ಇಷ್ಟು: "ಸರ್, ಇವಂಗ ಮನಿ ನಕಾಶಿ ತೆಗಿಯೋದು ಕಲೀಬೇಕಂತ್ರಿ. ಸೂಪರ್ ಮಾರ್ಕೆಟ್ ಕಡಿ ಒಂದ್ ಕ್ಲಾಸ್ ಅದ, ಮೂರು ತಿಂಗಳದಾಗ ಕಲಿಸ್ತಾರಂತ. ಊರಾಗಿನ ಮಾಸ್ತರ್ ಐಟಿಐ ಹಾಕ್ರಿ ಅಂತಾರ. ನಮ್ಮ ಅಳಿಯ ಐದು ವರ್ಷದ್ ಕೋರ್ಸೇ ಬೇಕು ಅಂತಾನ. ಯಾವ್ದು ಛಲೋ, ನೀವೇ ಹೇಳ್ರಿ."

ಒಂದೇ ಮಾತಿನ ಉತ್ತರ ಅವರಿಗೆ ಬೇಕಿತ್ತು, ನನ್ನ ಹತ್ತಿರ ಇರಲಿಲ್ಲ. ಚಹಾ ತರಿಸಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಾನು ಡಿಪ್ಲೊಮಾ ಸಿವಿಲ್ ಓದಿ ಈ ಕಸುಬಿಗೆ ಬಂದವನು. ಹಾಗಾಗಿ ನನ್ನ ತಕ್ಕಡಿ ಡಿಪ್ಲೊಮಾ ಕಡೆ ಚೂರು ವಾಲಿದರೆ ಆಶ್ಚರ್ಯವಿಲ್ಲ. ಅದನ್ನು ಲೆಕ್ಕದಲ್ಲಿಟ್ಟುಕೊಂಡೇ ಓದಿ.

ಫೀ ಎಷ್ಟು, ಎಷ್ಟು ತಿಂಗಳು, ನೌಕರಿ ಕೊಡಿಸುತ್ತಾರಾ ಎಂದು ಎಲ್ಲರೂ ಕೇಳುತ್ತಾರೆ. ಯಾರೂ ಕೇಳದ ಪ್ರಶ್ನೆ ಒಂದಿದೆ: ಈ ಪ್ರಮಾಣಪತ್ರ ಹಿಡಿದುಕೊಂಡು ನಾಳೆ ಮುಂದಿನ ಯಾವ ಕೋರ್ಸಿಗೆ ಸೇರಬಹುದು? ಹದಿನಾರರ ಹುಡುಗನಿಗೆ ಇವತ್ತು ತಾನು ಏನಾಗಬೇಕೆಂಬುದು ಪೂರಾ ಗೊತ್ತಿರುವುದಿಲ್ಲ, ಹತ್ತೊಂಬತ್ತಕ್ಕೆ ಗೊತ್ತಾಗಬಹುದು. ಆವತ್ತು ಮೇಲಕ್ಕೆ ಹೋಗಲು ಅವನ ಕೈಯಲ್ಲಿರುವ ಕಾಗದ ನಡೆಯುತ್ತದೋ ಇಲ್ಲವೋ ಎಂಬುದನ್ನೇ ನಾನು ಮೊದಲು ತೂಗುತ್ತೇನೆ.

ಬೋರ್ಡಿನ ಮೇಲಿನ ಹೆಸರು

ಹೋಲಿಕೆಗೆ ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮ ಊರಲ್ಲಿ ಮನೆ ಪ್ಲಾನ್ ಹಾಕಿಕೊಡುವವರನ್ನೆಲ್ಲ ಜನ "ಇಂಜಿನಿಯರ್" ಅಂತಲೇ ಕರೆಯುತ್ತಾರೆ. ಒಳಗೆ ಹೋದರೆ ನಾಲ್ಕು ಬೇರೆ ಬೇರೆ ಕೆಲಸಗಳಿವೆ.

ಜಾಗ ನೋಡಿ, ಮನೆಯವರ ಬದುಕು ಕೇಳಿ, ಗಾಳಿ-ಬೆಳಕು ಯೋಚಿಸಿ ಕಟ್ಟಡದ ರೂಪ ಕಟ್ಟುವವರು ಆರ್ಕಿಟೆಕ್ಟ್. ಆ ರೂಪ ಬೀಳದಂತೆ ಕಾಲಂ, ಬೀಮು, ಕಬ್ಬಿಣದ ಲೆಕ್ಕ ಹಾಕುವವರು ಸ್ಟ್ರಕ್ಚರಲ್ ಇಂಜಿನಿಯರ್. ಇಬ್ಬರ ತಲೆಯಲ್ಲಿದ್ದದ್ದನ್ನೂ ಗೌಂಡಿಗೆ, ಸೆಂಟ್ರಿಂಗ್‌ನವನಿಗೆ, ಬಾರ್ ಬೆಂಡರ್‌ಗೆ ತಿಳಿಯುವಂತೆ ಅಳತೆ ಸಮೇತ ಹಾಳೆಗೆ ಇಳಿಸುವವನು ಡ್ರಾಫ್ಟ್ಸ್‌ಮನ್. ಮನೆಯ ಬಣ್ಣದ ಚಿತ್ರ ತೋರಿಸಿ ಮಾಲೀಕರ ಕಣ್ಣರಳಿಸುವವರು ತ್ರೀಡಿ ವಿಷುವಲೈಸರ್. ಸಣ್ಣ ಊರಿನಲ್ಲಿ ಈ ನಾಲ್ಕರಲ್ಲಿ ಎರಡು ಮೂರನ್ನು ಒಬ್ಬನೇ ಮಾಡುತ್ತಾನೆ, ಅದು ಬೇರೆ ಮಾತು.

ಕಾನೂನಿನ ಮಾತೂ ತಿಳಿದಿರಲಿ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿಯಾದವರು ಮಾತ್ರ "ಆರ್ಕಿಟೆಕ್ಟ್" ಎಂದು ಬೋರ್ಡು ಹಾಕಿಕೊಳ್ಳಬಹುದು. ಹಾಗಾದರೆ ಉಳಿದವರು ಕಟ್ಟಡದ ವಿನ್ಯಾಸವನ್ನೇ ಮಾಡಬಾರದಾ? 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಕಾಯ್ದೆ ಕಾಪಾಡುವುದು ಆ ಹೆಸರನ್ನು, ನೋಂದಣಿ ಇಲ್ಲದವರು ವಿನ್ಯಾಸದ ಕೆಲಸ ಮಾಡುವುದನ್ನು ಅದು ತಡೆಯುವುದಿಲ್ಲ. ಅಂದರೆ ಐಟಿಐ ಅಥವಾ ಡಿಪ್ಲೊಮಾ ಓದಿದವನು ಮನೆಯ ನಕಾಶೆ ಬರೆದು ಬದುಕಬಹುದು, ಆದರೆ ವಿಸಿಟಿಂಗ್ ಕಾರ್ಡಿನಲ್ಲಿ ಆರ್ಕಿಟೆಕ್ಟ್ ಎಂದು ಅಚ್ಚು ಹಾಕಿಸುವಂತಿಲ್ಲ. ಪಾಲಿಕೆಗೆ ಮಂಜೂರಾತಿಗೆ ಕೊಡುವ ನಕಾಶೆಗೆ ಅರ್ಹತೆ ಇರುವವರ ಸಹಿ ಬೇಕೇ ಬೇಕು. ಆ ಸಹಿ ನಿಮ್ಮದಾಗಬೇಕೋ, ಇನ್ನೊಬ್ಬರ ಸಹಿಯ ಕೆಳಗೆ ಕೆಲಸ ಮಾಡಿದರೆ ನಡೆಯುತ್ತದೋ? ಮುಂದಿನ ಆಯ್ಕೆಯೆಲ್ಲ ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಮೂರು ತಿಂಗಳ ಕ್ಯಾಡ್ ಕ್ಲಾಸ್

ಕ್ಯಾಡ್ ಅಂದರೆ ಕಂಪ್ಯೂಟರಿನಲ್ಲಿ ನಕಾಶೆ ಬರೆಯುವುದು. ಆಟೋಕ್ಯಾಡ್ ಅದಕ್ಕೆಂದೇ 1982ರಲ್ಲಿ ಹುಟ್ಟಿದ ಸಾಫ್ಟ್‌ವೇರ್. ಇವತ್ತಿಗೂ ನಮ್ಮ ಕಡೆಯ ಆಫೀಸುಗಳಲ್ಲಿ ಅನ್ನ ಹಾಕುವುದು ಅದೇ. ಅದರ ಜೊತೆ ಸ್ಕೆಚ್‌ಅಪ್, ರೆವಿಟ್, ತ್ರೀಡಿ ಚಿತ್ರಕ್ಕೆ ಬೇಕಾದ ಒಂದೆರಡು ರೆಂಡರಿಂಗ್ ತಂತ್ರಾಂಶ, ಇಷ್ಟನ್ನು ಸೇರಿಸಿ ಖಾಸಗಿ ಕ್ಲಾಸುಗಳು ಪ್ಯಾಕೇಜ್ ಮಾಡುತ್ತವೆ. ಬೇಗ ಮುಗಿಯುತ್ತದೆ, ಸಂಜೆ ಬ್ಯಾಚ್ ಸಿಗುತ್ತದೆ, ಎಸಿ ರೂಮು.

ನಾನು ಈ ಕ್ಲಾಸುಗಳ ವಿರೋಧಿಯಲ್ಲ. ನನ್ನ ಆಫೀಸಿನಲ್ಲೇ ಇಬ್ಬರು ಅಲ್ಲಿ ಕಲಿತು ಬಂದವರಿದ್ದಾರೆ, ಇಬ್ಬರೂ ಅದಕ್ಕೆ ಮೊದಲು ಡಿಪ್ಲೊಮಾ ಮುಗಿಸಿದ್ದರು. ಎಸ್‌ಎಸ್‌ಎಲ್‌ಸಿ ಆದ ಕೂಡಲೇ ನೇರ ಕ್ಲಾಸಿಗೆ ಹೋದವರ ಕಥೆ ಬೇರೆ. ಅಂಥವರು ಕೆಲಸ ಕೇಳಿಕೊಂಡು ಬಂದಾಗ ನಾನು ಒಂದೇ ಪರೀಕ್ಷೆ ಕೊಡುತ್ತೇನೆ. 20/30ರ ಪ್ಲಾಟು, ಮಾಳಿಗೆಯಿಂದ ಮಾಳಿಗೆಗೆ 10 ಅಡಿ, ಪಾವಟಿಗೆ ಕೂಡಿಸು ಅನ್ನುತ್ತೇನೆ.

ಕಂಪ್ಯೂಟರ್ ಮುಂದೆ ಕೂತ ಹುಡುಗ ಪಟಪಟನೆ ಗೆರೆ ಎಳೆಯುತ್ತಾನೆ. ಆಫ್‌ಸೆಟ್ ಕೊಟ್ಟು 9 ಇಂಚಿನ ಗೋಡೆ, ಟ್ರಿಮ್ ಮಾಡಿ ಬಾಗಿಲು, ನೋಡಲು ಚಂದ. ಪಾವಟಿಗೆಗೆ ಬಂದಾಗ ಕೈ ನಿಲ್ಲುತ್ತದೆ, ಇಲ್ಲವೇ ಬೇರೆ ಡ್ರಾಯಿಂಗಿನಿಂದ ಕಾಪಿ ಮಾಡಿ ಅಂಟಿಸುತ್ತಾನೆ. ಲೆಕ್ಕ ಮಾತ್ರ ಸೀದಾ ಇದೆ. 10 ಅಡಿ ಅಂದರೆ 120 ಇಂಚು. ಒಂದು ಪಾವಟಿಗೆ 6 ಇಂಚು ಏರಿದರೆ 20 ಏರುಗಳು. ನಡುವೆ ಲ್ಯಾಂಡಿಂಗ್ (ನಿಂತು ತಿರುಗುವ ಸಮತಟ್ಟು ಜಾಗ) ಇಟ್ಟು ಎರಡು ಸಾಲು ಮಾಡಿದರೆ ಸಾಲಿಗೆ 10 ಏರು, ಕಾಲಿಡುವ ಜಾಗ 9. ಹತ್ತನೆಯದು ಲ್ಯಾಂಡಿಂಗೇ ಆಗುತ್ತದೆ. ಒಂದೊಂದಕ್ಕೆ 10 ಇಂಚಿನಂತೆ 90 ಇಂಚು, ಅಂದರೆ ಏಳೂವರೆ ಅಡಿ. ಲ್ಯಾಂಡಿಂಗಿನ 3 ಅಡಿ ಕೂಡಿಸಿದರೆ ಹತ್ತೂವರೆ. ಅಗಲಕ್ಕೆ 3 ಅಡಿಯ ಎರಡು ಸಾಲು, ನಡುವೆ ಸ್ವಲ್ಪ ಸಂದು. 600 ಚದರ ಅಡಿ ಪ್ಲಾಟಿನಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಜಾಗವನ್ನು ಪಾವಟಿಗೆಯೇ ತಿಂದಿತು! ಇದು ಮೊದಲೇ ತಲೆಯಲ್ಲಿದ್ದವನು ಅಡಿಗೆಮನೆ ಎಲ್ಲಿಡಬೇಕೆಂದು ಆಮೇಲೆ ಯೋಚಿಸುತ್ತಾನೆ. ಇಲ್ಲದವನು ಎಲ್ಲ ರೂಮು ಬರೆದು ಕೊನೆಗೆ ಪಾವಟಿಗೆಗೆ ಜಾಗ ಹುಡುಕುತ್ತಾನೆ.

ನಗಬೇಡಿ, ಡಿಪ್ಲೊಮಾ ಮುಗಿಸಿಯೂ ನಾನು ಇದರಲ್ಲೇ ಎಡವಿದವನು. ಕೆಲಸಕ್ಕೆ ಸೇರಿದ ಹೊಸತು. ಲ್ಯಾಂಡಿಂಗಿನ ಕೆಳಗಿನ ಜಾಗ ಯಾಕೆ ಸುಮ್ಮನೆ ಬಿಡಬೇಕೆಂದು ಅಲ್ಲೊಂದು ಬಚ್ಚಲು ತೋರಿಸಿ ಬಾಗಿಲೂ ಇಟ್ಟೆ. ಸೈಟಿನಲ್ಲಿ ವಯಸ್ಸಾದ ಗೌಂಡಿಯೊಬ್ಬರು ನಕಾಶೆ ತಿರುಗಿಸಿ ಮುರುಗಿಸಿ ನೋಡಿ, "ಇಂಜಿನಿಯರ್ ಸಾಬ್, ಈ ಬಚ್ಚಲದಾಗ ಮಕ್ಳು ಜಳಕ ಮಾಡ್ತಾರೇನ್ರಿ?" ಅಂದರು. 10 ಏರು ಅಂದರೆ ಲ್ಯಾಂಡಿಂಗ್ ಇರುವುದೇ 5 ಅಡಿ ಎತ್ತರದಲ್ಲಿ. ಸ್ಲ್ಯಾಬಿನ 5 ಇಂಚು ಕಳೆದರೆ ಒಳಗೆ ಉಳಿಯುವುದು 4 ಅಡಿ 7 ಇಂಚು. ಆವತ್ತಿನ ನಾಚಿಕೆ ಇನ್ನೂ ನೆನಪಿದೆ. ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದಂತೆ ಎತ್ತರ ತೋರಿಸುವ ಚಿತ್ರ, ಬರೆಯದೆ ಪ್ಲಾನ್ ಕೊಡಬಾರದೆಂದು ನನಗೆ ಕಲಿಸಿದ್ದು ಕಾಲೇಜಲ್ಲ, ಆ ಗೌಂಡಿ.

ಇನ್ನು ಕ್ಲಾಸಿನ ಕಾಗದದ ಬೆಲೆ. ಕೆಲವು ಖಾಸಗಿ ಕೇಂದ್ರಗಳು ಆರು ತಿಂಗಳ ಕೋರ್ಸಿಗೂ "ಡಿಪ್ಲೊಮಾ" ಎಂದು ಹೆಸರಿಡುತ್ತವೆ. ಪಾಲಿಟೆಕ್ನಿಕ್‌ನ ಮೂರು ವರ್ಷದ ಡಿಪ್ಲೊಮಾಗೂ ಅದಕ್ಕೂ ಸಂಬಂಧವಿಲ್ಲ. ಆ ಕಾಗದ ಹಿಡಿದು ಬಿಇ ಎರಡನೇ ವರ್ಷಕ್ಕೆ ಸೇರಲಾಗದು, ಕಿರಿಯ ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕಲಾಗದು. ಡಿಪ್ಲೊಮಾದವರು ಬಿಇ ಸೇರಲು ಬರೆಯುವ ಪ್ರವೇಶ ಪರೀಕ್ಷೆ ಡಿಸೆಟ್. ಫೀ ಕಟ್ಟುವ ಮೊದಲು ಕೌಂಟರಿನಲ್ಲಿ ಕೇಳಿ: "ಇದನ್ನ ತೋರಿಸಿ ಡಿಸೆಟ್ ಬರೀಬಹುದೇನ್ರಿ?" ಉತ್ತರ ಸುತ್ತಿ ಬಳಸಿ ಬಂದರೆ ಅಲ್ಲಿಗೆ ಅರ್ಥ ಮಾಡಿಕೊಳ್ಳಿ.

ಇನ್ನೊಂದು ಸಂಗತಿಯನ್ನು ಕ್ಲಾಸಿನವರು ತಾವಾಗಿ ಹೇಳುವುದು ಕಡಿಮೆ. ಆಟೋಕ್ಯಾಡ್, ರೆವಿಟ್ ತಯಾರಿಸುವ ಆಟೋಡೆಸ್ಕ್ ಕಂಪನಿ ಮಾನ್ಯತೆ ಪಡೆದ ಸಂಸ್ಥೆಯ ವಿದ್ಯಾರ್ಥಿಗಳಿಗೆ ತಂತ್ರಾಂಶವನ್ನು ಪುಕ್ಕಟೆ ಕೊಡುತ್ತದೆ, ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು ಅಷ್ಟೆ. ಸ್ಕೆಚ್‌ಅಪ್ ಬ್ರೌಸರಿನಲ್ಲಿ ನಡೆಯುವ ಪುಕ್ಕಟೆ ಆವೃತ್ತಿ ಇದೆ. ಲಿಬ್ರೆಕ್ಯಾಡ್, ಫ್ರೀಕ್ಯಾಡ್, ಬ್ಲೆಂಡರ್ ಎಲ್ಲರಿಗೂ ಪುಕ್ಕಟೆ. ಐಟಿಐ ಅಥವಾ ಪಾಲಿಟೆಕ್ನಿಕ್‌ನಲ್ಲಿ ಓದುತ್ತಲೇ ರಜೆಯಲ್ಲಿ ಇವನ್ನು ಕಲಿಯಬಹುದು. ಲ್ಯಾಪ್‌ಟಾಪ್ ಕೊಳ್ಳುವುದಾದರೆ ರೆವಿಟ್‌ಗೆ 16 ಜಿಬಿ ರ್‍ಯಾಮ್ ಇರಲಿ, ಬರೀ ಆಟೋಕ್ಯಾಡ್ ಟೂಡಿಗೆ ಅಷ್ಟೊಂದು ಬೇಡ.

ಹಾಗಾದರೆ ಕ್ಲಾಸು ಯಾರಿಗೆ? ಸಿವಿಲ್ ಓದಿ ಮುಗಿಸಿ ಸಾಫ್ಟ್‌ವೇರ್ ಕೈ ಹತ್ತದವರಿಗೆ. ಸೈಟಿನಲ್ಲಿ ನಾಲ್ಕೈದು ವರ್ಷ ಸೂಪರ್‌ವೈಸರ್ ಆಗಿದ್ದು ಈಗ ಆಫೀಸು ಸೇರಬೇಕೆನ್ನುವವರಿಗೆ. ಅವರಿಗೆ ಮೂರು ತಿಂಗಳು ಧಾರಾಳ ಸಾಕು.

ಐಟಿಐ: ಕೈ ತಿದ್ದುವ ಎರಡು ವರ್ಷ

ಡ್ರಾಫ್ಟ್ಸ್‌ಮನ್ ಸಿವಿಲ್ ಅನ್ನುವುದು ಎರಡು ವರ್ಷದ ಟ್ರೇಡ್. ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು, ವಿಜ್ಞಾನ-ಗಣಿತ ಓದಿರಬೇಕು. ಮುಗಿದ ಮೇಲೆ ಅಖಿಲ ಭಾರತ ಮಟ್ಟದ ಪರೀಕ್ಷೆ, ಪಾಸಾದವರಿಗೆ ದೇಶದ ಯಾವ ಮೂಲೆಯಲ್ಲೂ ನಡೆಯುವ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ. ಸರ್ಕಾರಿ ಐಟಿಐಯಲ್ಲಿ ಸೀಟು ಸಿಕ್ಕರೆ ಖರ್ಚು ಬಹಳ ಕಡಿಮೆ, ಬಸ್ ಪಾಸು, ಡ್ರಾಯಿಂಗ್ ಸಾಮಾನು, ಊಟ ಅಷ್ಟೆ ಅನ್ನಬಹುದು.

ಇಲ್ಲಿ ಮೊದಲು ಕೈಯಲ್ಲಿ ಪೆನ್ಸಿಲ್ ಕೊಡುತ್ತಾರೆ. ಅಕ್ಷರ ಬರೆಯುವುದು, ಸ್ಕೇಲು, ಪ್ಲಾನ್-ಎಲಿವೇಷನ್-ಸೆಕ್ಷನ್, ಇಟ್ಟಿಗೆ ಕೂಡಿಸುವ ಬಗೆ, ಬಾಗಿಲು-ಕಿಟಕಿ, ಛಾವಣಿ, ಪಾವಟಿಗೆ. ಆಮೇಲೆ ಸರ್ವೆ, ಲೆವೆಲಿಂಗ್, ಎಸ್ಟಿಮೇಟು, ಕ್ಯಾಡ್. "ಕಂಪ್ಯೂಟರ್ ಕಾಲದಾಗ ಪೆನ್ಸಿಲ್ ಯಾಕ್ರಿ?" ಎಂದು ಹುಡುಗರು ಗೊಣಗುತ್ತಾರೆ. ಒಂದಕ್ಕೆ ನೂರರ ಸ್ಕೇಲಿನಲ್ಲಿ ಕೈಯಿಂದ ಬರೆದವನಿಗೆ ಮಾತ್ರ ಹಾಳೆಯ ಮೇಲೆ ಒಂದು ಮಿಲಿಮೀಟರ್ ತಪ್ಪಿದರೆ ಸೈಟಿನಲ್ಲಿ 10 ಸೆಂಟಿಮೀಟರ್ ತಪ್ಪುತ್ತದೆ ಎಂಬುದು ಮೈಗೆ ಹತ್ತುತ್ತದೆ. ಸ್ಕ್ರೀನಿನಲ್ಲಿ ಝೂಮ್ ಮಾಡಿ ಮಾಡಿ ಕಲಿತವನಿಗೆ ಅಳತೆಯ ಅಂದಾಜೇ ಹುಟ್ಟುವುದಿಲ್ಲ.

ತೊಂದರೆಗಳೂ ಇವೆ. ಎಲ್ಲ ಐಟಿಐಗಳಲ್ಲೂ ಈ ಟ್ರೇಡ್ ಇರುವುದಿಲ್ಲ. ಎಲೆಕ್ಟ್ರಿಷಿಯನ್, ಫಿಟ್ಟರ್ ಎಲ್ಲಿ ಹೋದರೂ ಸಿಗುತ್ತವೆ, ಡ್ರಾಫ್ಟ್ಸ್‌ಮನ್ ಸಿವಿಲ್ ಹುಡುಕಬೇಕು. ಕೌನ್ಸೆಲಿಂಗಿಗೆ ಕೂರುವ ಮೊದಲೇ ಯಾವ ಸಂಸ್ಥೆಯಲ್ಲಿ ಈ ಟ್ರೇಡ್ ಇದೆ, ಅದಕ್ಕೆ ಮಾನ್ಯತೆ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ "ಸೀಟು ಸಿಕ್ಕಿತಲ್ಲ" ಎಂಬ ಸಮಾಧಾನಕ್ಕೆ ಹುಡುಗ ವೆಲ್ಡರ್ ಆಗುತ್ತಾನೆ. ವೆಲ್ಡಿಂಗ್ ಒಳ್ಳೆಯ ಕಸುಬೇ, ಆದರೆ ಇವನಿಗೆ ಬೇಕಿದ್ದದ್ದು ಅದಲ್ಲ. ಆರ್ಕಿಟೆಕ್ಚರಲ್ ಡ್ರಾಫ್ಟ್ಸ್‌ಮನ್ ಎಂಬ ಹತ್ತಿರದ ಟ್ರೇಡೂ ಪಟ್ಟಿಯಲ್ಲಿದೆ, ಅದು ಕಲಿಸುವ ಕಡೆ ಇನ್ನೂ ಕಡಿಮೆ.

ಮುಗಿಸಿದವರಿಗೆ ಮುಂದೆ ಏನು? 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತ ಕಲಿಯಬಹುದು. ಖಾಸಗಿ ಆಫೀಸಿಗೆ ಸೇರಬಹುದು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಬೇರೆ: ಎರಡು ವರ್ಷದ ಐಟಿಐ ಆದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಲು ಅವಕಾಶವಿದೆ. ಅಂದರೆ ಐಟಿಐ ಎರಡು, ಡಿಪ್ಲೊಮಾ ಎರಡು, ಒಟ್ಟು ನಾಲ್ಕು ವರ್ಷದಲ್ಲಿ ಎರಡು ಪ್ರಮಾಣಪತ್ರ. ಓದಿನಲ್ಲಿ ಅಷ್ಟೇನೂ ಮುಂದಿಲ್ಲದ, ಆದರೆ ಕೈ ಚೆನ್ನಾಗಿರುವ ಮಕ್ಕಳಿಗೆ ನಾನು ಇದನ್ನೇ ಹೇಳುವುದು. ಪಾಲಿಟೆಕ್ನಿಕ್‌ನ ಮೊದಲ ವರ್ಷದ ಗಣಿತಕ್ಕೆ ಹೆದರಿ ಬಿಟ್ಟುಹೋಗುವವರು ಬಹಳ. ಐಟಿಐಯಿಂದ ಬಂದವರಿಗೆ ಡ್ರಾಯಿಂಗ್ ಮೊದಲೇ ಬಂದಿರುತ್ತದೆ, ಆ ಧೈರ್ಯದ ಮೇಲೆ ಉಳಿದದ್ದು ಸಾಗುತ್ತದೆ.

ಪಾಲಿಟೆಕ್ನಿಕ್ ಡಿಪ್ಲೊಮಾ

ಮೂರು ವರ್ಷ, ಆರು ಸೆಮಿಸ್ಟರ್. ಕಲಬುರಗಿ, ಬೀದರ್ ಎರಡೂ ಕಡೆ ಸರ್ಕಾರಿ ಪಾಲಿಟೆಕ್ನಿಕ್‌ಗಳಿವೆ, ಖಾಸಗಿಯವೂ ಇವೆ. ಕೋರ್ಸಿನ ಹೆಸರು ಸಿವಿಲ್ ಇಂಜಿನಿಯರಿಂಗ್. ವಾಸ್ತುಶಿಲ್ಪಕ್ಕೇ ಮೀಸಲಾದ ಡಿಪ್ಲೊಮಾ ರಾಜ್ಯದಲ್ಲಿ ಕೆಲವೇ ಕಡೆ ಸಿಗುತ್ತದೆ. ಸಿವಿಲ್ ಡಿಪ್ಲೊಮಾದಲ್ಲಿ ಮನೆಯ ವಿನ್ಯಾಸ ಒಂದೆರಡು ವಿಷಯ ಮಾತ್ರ. ಉಳಿದದ್ದು ಸರ್ವೆ, ಕಾಂಕ್ರೀಟು, ಮಣ್ಣು, ರಸ್ತೆ, ನೀರು, ಎಸ್ಟಿಮೇಟು. "ನನಗೆ ಡಿಸೈನ್ ಬೇಕು, ರಸ್ತೆ ಯಾಕೆ?" ಅನ್ನುವವರಿಗೆ ಇದು ಬೇಸರ ತರಬಹುದು.

ಆದರೆ ನಮ್ಮ ಭಾಗದಲ್ಲಿ ಮನೆ ಬರೆಯುವವನಿಗೆ ಮಣ್ಣು ಗೊತ್ತಿಲ್ಲದಿದ್ದರೆ ನಡೆಯುವುದೇ ಇಲ್ಲ. ಅಫಜಲಪುರ, ಜೇವರ್ಗಿ, ಶಹಾಪುರ, ಎಲ್ಲಿ ನೋಡಿದರೂ ಎರೆ, ಅಂದರೆ ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಸುಕ್ಕುತ್ತದೆ, ಬಿರುಕಿನೊಳಗೆ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಮೇಲೆಮೇಲೆ ಪಾಯಾ ಹಾಕಿದ ಮನೆಯ ಗೋಡೆ ಎರಡನೇ ವರ್ಷಕ್ಕೇ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಪಾಯಾ ಎರೆ ದಾಟಿ ಗಟ್ಟಿ ನೆಲಕ್ಕೆ ಇಳಿಯಬೇಕು, ಗೋಡೆಯ ಕೆಳಗೆ ಪ್ಲಿಂತ್ ಬೀಮು ಸುತ್ತಬೇಕು. ಎರೆ ಬಹಳ ಆಳ ಇದ್ದರೆ ಬುಡ ಅಗಲ ಮಾಡಿದ ಪೈಲಿನ (ಆಳಕ್ಕೆ ಇಳಿಸುವ ಕಾಂಕ್ರೀಟ್ ಕಂಬದ) ಮಾತು ಬರುತ್ತದೆ. ಬೀದರಿಗೆ ಹೋದರೆ ಕಥೆ ಉಲ್ಟಾ, ಅಲ್ಲಿ ಕಾಲ ಕೆಳಗೆ ಕೆಂಪು ಜಂಬಿಟ್ಟಿಗೆ ಕಲ್ಲು. ಕೋಟೆ ಕಟ್ಟಿದವರು ಅದೇ ಕಲ್ಲನ್ನು ಕಡಿದು ಕಂದಕ ಮಾಡಿದರು. ಕಲಬುರಗಿಯಿಂದ ನೂರೈವತ್ತು ಕಿಲೋಮೀಟರೂ ಇಲ್ಲದ ಅಂತರದಲ್ಲಿ ಪಾಯಾದ ಲೆಕ್ಕವೇ ಬದಲಾಗುತ್ತದೆ. ಕ್ಯಾಡ್ ಕ್ಲಾಸಿನಲ್ಲಿ ಇದು ಬರುವುದಿಲ್ಲ, ಡಿಪ್ಲೊಮಾದಲ್ಲಿ ಬರುತ್ತದೆ.

ಕೊನೆಯ ವರ್ಷದಲ್ಲಿ ಇಂಟರ್ನ್‌ಶಿಪ್ ಅಥವಾ ಪ್ರಾಜೆಕ್ಟ್ ಇರುತ್ತದೆ. ಅದನ್ನು ಪರಿಚಯದವರ ಹತ್ತಿರ ಸಹಿ ಹಾಕಿಸಿಕೊಂಡು ಮುಗಿಸಬೇಡಿ. ನಿಜವಾಗಿ ನಕಾಶೆ ತಯಾರಾಗುವ ಆಫೀಸಿನಲ್ಲಿ ಕೂತು ಒಂದು ಮನೆಯ ಪೂರಾ ಫೈಲು, ಅಂದರೆ ಮಂಜೂರಾತಿ ನಕಾಶೆಯಿಂದ ಕಬ್ಬಿಣದ ವಿವರದವರೆಗೆ, ನೋಡಿದವನಿಗೆ ಮರುವರ್ಷ ಕೆಲಸ ಹುಡುಕುವ ಕಷ್ಟ ಅರ್ಧ ಇಳಿಯುತ್ತದೆ.

ಈ ಕಾಗದದಿಂದ ಮುಂದೆ ಮೂರು ಕಡೆ ಹೋಗಬಹುದು. ಒಂದು, ಲೋಕೋಪಯೋಗಿ, ಪಂಚಾಯತ್ ರಾಜ್, ನೀರಾವರಿಯಂಥ ಇಲಾಖೆಗಳ ಕಿರಿಯ ಇಂಜಿನಿಯರ್ ಹುದ್ದೆಗೆ ಸಿವಿಲ್ ಡಿಪ್ಲೊಮಾವೇ ಅರ್ಹತೆ. ಎರಡು, ಡಿಸೆಟ್ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ. ಮೂರನೆಯದು ಬಹಳ ಜನರಿಗೆ ಗೊತ್ತಿಲ್ಲ: ಗಣಿತ ಓದಿದ ಮೂರು ವರ್ಷದ ಡಿಪ್ಲೊಮಾದವರೂ ನಾಟಾ ಎಂಬ ಪ್ರವೇಶ ಪರೀಕ್ಷೆ ಬರೆದು ಆರ್ಕಿಟೆಕ್ಟ್ ಆಗುವ ಪದವಿ ಬಿ.ಆರ್ಕ್ ಸೇರಬಹುದು. ಆದರೆ ಬಿ.ಆರ್ಕ್‌ನಲ್ಲಿ ಎರಡನೇ ವರ್ಷಕ್ಕೆ ನೇರ ಪ್ರವೇಶವಿಲ್ಲ, ಮೊದಲಿನಿಂದ ಐದು ವರ್ಷ ಓದಬೇಕು. ಮೂರು ಮತ್ತು ಐದು ಸೇರಿ ಎಂಟು. ಮನೆಯವರು ಅಷ್ಟು ವರ್ಷ ತಾಳಿಕೊಳ್ಳುತ್ತಾರಾ, ನೋಡಿಕೊಳ್ಳಿ.

ಬಿ.ಆರ್ಕ್: ಹೆಸರು ಬೇಕಿದ್ದವರಿಗೆ

ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು. ನಾಟಾ ಒಟ್ಟು 200 ಅಂಕದ ಪರೀಕ್ಷೆ. 80 ಅಂಕ ಕೈಯಿಂದ ಬರೆಯುವ ಚಿತ್ರಕ್ಕೆ, 120 ಅಂಕ ಕಂಪ್ಯೂಟರಿನಲ್ಲಿ ತರ್ಕ, ಗಣಿತ, ದೃಷ್ಟಿಯ ಸೂಕ್ಷ್ಮಕ್ಕೆ. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆಯಲು ಬಿಡುತ್ತಾರೆ. ನಮ್ಮ ರಾಜ್ಯದಲ್ಲಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ರ್‍ಯಾಂಕ್ ಕೊಡುವಾಗ ನಾಟಾ ಅರ್ಧ, ಪಿಯುಸಿ ಅಂಕ ಅರ್ಧ ಹಿಡಿಯುತ್ತದೆ. ಆದ್ದರಿಂದ ಚಿತ್ರ ಚೆನ್ನಾಗಿ ಬರುತ್ತದೆ ಎಂದು ಪಿಯುಸಿ ಕೈಬಿಟ್ಟವರು ಸೀಟು ಕಳೆದುಕೊಳ್ಳುತ್ತಾರೆ.

ಕಲಬುರಗಿಯಲ್ಲಿ ಪಿಡಿಎ ಕಾಲೇಜಿನಲ್ಲಿ ವಾಸ್ತುಶಿಲ್ಪ ವಿಭಾಗವಿದೆ. 1958ರಲ್ಲಿ ಆರಂಭವಾದ, ಈ ಭಾಗದ ಹಳೆಯ ಇಂಜಿನಿಯರಿಂಗ್ ಕಾಲೇಜು ಅದು. ಮನೆಯಿಂದ ಓಡಾಡಿ ಓದುವುದಕ್ಕೂ ಬೆಂಗಳೂರಿನ ಹಾಸ್ಟೆಲ್ಲಿನಲ್ಲಿದ್ದು ಓದುವುದಕ್ಕೂ ಐದು ವರ್ಷದಲ್ಲಿ ಎಷ್ಟು ದುಡ್ಡಿನ ಅಂತರ ಬೀಳುತ್ತದೆಂದು ನೀವೇ ಲೆಕ್ಕ ಹಾಕಿ. ಬೀದರಿನವರು ಹೈದರಾಬಾದಿನ ಕಡೆ ನೋಡುವುದು ಸಹಜ, ಹತ್ತಿರ. ಆದರೆ ಅಲ್ಲಿ ನೀವು ಹೊರರಾಜ್ಯದವರು, ಇಲ್ಲಿ ಸಿಗುವ ಮೀಸಲಾತಿ ಅಲ್ಲಿ ನಡೆಯುವುದಿಲ್ಲ.

ಫೀ ಬಿಟ್ಟು ಬೇರೆ ಖರ್ಚುಗಳ ಬಗ್ಗೆ ಮೊದಲೇ ತಿಳಿದಿರಲಿ. ಶೀಟು, ಮಾಡೆಲ್ ಮಾಡಲು ಫೋಮ್ ಬೋರ್ಡು, ದೊಡ್ಡ ಪ್ರಿಂಟುಗಳು, ಅಧ್ಯಯನ ಪ್ರವಾಸ, ಗಟ್ಟಿ ಲ್ಯಾಪ್‌ಟಾಪ್. ರಾತ್ರಿ ಎರಡರ ತನಕ ಮಾಡೆಲ್ ಅಂಟಿಸಿ ಬೆಳಿಗ್ಗೆ ಕೆಲಸ ಪರೀಕ್ಷಿಸುವ ಜೂರಿಯ ಮುಂದೆ ನಿಂತರೆ ಮೇಷ್ಟ್ರು "ಯಾಕೆ ಈ ಕಿಟಕಿ ಇಲ್ಲಿ?" ಎಂದು ಒಂದೇ ಪ್ರಶ್ನೆ ಕೇಳಿ ಎಲ್ಲ ಕೆಡವುತ್ತಾರೆ. ಆ "ಯಾಕೆ"ಯೇ ಈ ಓದಿನ ಸತ್ವ, ಬೇರೆ ಯಾವ ದಾರಿಯಲ್ಲೂ ಅದನ್ನು ಅಷ್ಟು ಸಲ ಕೇಳುವುದಿಲ್ಲ.

ನನಗೆ ಈ ಓದಿನ ಬಗ್ಗೆ ಸಣ್ಣ ಹೊಟ್ಟೆಕಿಚ್ಚಿದೆ, ಮುಚ್ಚಿಡುವುದಿಲ್ಲ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋದಾಗಲೆಲ್ಲ ಅದು ಕೆರಳುತ್ತದೆ. 1367ರಲ್ಲಿ ಕಟ್ಟಿದ್ದು, ಕಟ್ಟಿದವನು ಇರಾನಿನ ಕಜ್ವೀನ್ ಊರಿನ ರಫಿ. ಸಾಮಾನ್ಯವಾಗಿ ಮಸೀದಿಗಳ ನಡುವೆ ಇರುವ ತೆರೆದ ಅಂಗಳ ಇಲ್ಲಿ ಇಲ್ಲವೇ ಇಲ್ಲ, ಪೂರಾ ಛಾವಣಿ. ಮೇ ತಿಂಗಳ ಮಧ್ಯಾಹ್ನ ಹೊರಗೆ ನೆಲ ಕಾದ ಹಂಚಾಗಿರುವಾಗ ಒಳಗೆ ಕಮಾನುಗಳ ನೆರಳಲ್ಲಿ ನಿಂತರೆ ಮೈ ತಣ್ಣಗಾಗುತ್ತದೆ. ನಾನು ಹತ್ತಾರು ಸಲ ಅದರ ಅಳತೆ ಹಿಡಿದಿದ್ದೇನೆ. ಅಂಗಳವನ್ನು ಯಾಕೆ ಕೈಬಿಟ್ಟರು ಎಂದು ಕೇಳಿಕೊಂಡದ್ದು ಪಿಡಿಎಯ ಒಬ್ಬ ವಿದ್ಯಾರ್ಥಿನಿ ಅಲ್ಲೇ ಕೂತು ಸ್ಕೆಚ್ ಮಾಡುತ್ತ ತನ್ನ ಗೆಳತಿಗೆ ಆ ಮಾತು ಹೇಳಿದ್ದು ಕಿವಿಗೆ ಬಿದ್ದ ಮೇಲೆ. ಡಿಪ್ಲೊಮಾ ನನಗೆ "ಹೇಗೆ" ಕಲಿಸಿತ್ತು.

ಮುಗಿಸಿದ ಮೇಲೆ ಕೌನ್ಸಿಲ್ ನೋಂದಣಿ, ಸ್ವಂತ ಸಹಿ, ಸ್ವಂತ ಬೋರ್ಡು. ಆದರೆ ಮೊದಲ ಎರಡು ಮೂರು ವರ್ಷ ಇನ್ನೊಬ್ಬರ ಕೆಳಗೆ ಕಡಿಮೆ ಸಂಬಳಕ್ಕೆ ದುಡಿಯುವುದು ಈ ಕಸುಬಿನಲ್ಲಿ ಎಲ್ಲ ಊರಿನಲ್ಲೂ ಇದ್ದದ್ದೇ. ಪಿಯುಸಿ ಎರಡು, ಓದು ಐದು, ಕಲಿಯುವ ನೌಕರಿ ಎರಡು ಮೂರು. ಎಸ್‌ಎಸ್‌ಎಲ್‌ಸಿಯಿಂದ ಲೆಕ್ಕ ಹಿಡಿದರೆ ಹತ್ತಿರ ಹತ್ತಿರ ಹತ್ತು ವರ್ಷ ಮನೆ ಇವನ ದುಡಿಮೆಗೆ ಕೈಚಾಚಬಾರದು.

ಬಿಇ ಸಿವಿಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ವರ್ಷ. ಪಿಡಿಎ, ಬೀದರಿನ ಗುರುನಾನಕ್ ದೇವ್, ಭಾಲ್ಕಿಯ ಭೀಮಣ್ಣ ಖಂಡ್ರೆ ಕಾಲೇಜು, ಹೀಗೆ ಹತ್ತಿರದಲ್ಲೇ ಇವೆ. ಗಟ್ಟಿತನದ ಲೆಕ್ಕ, ಗುತ್ತಿಗೆ, ಸರ್ಕಾರಿ ಸಹಾಯಕ ಇಂಜಿನಿಯರ್ ಹುದ್ದೆ ಕಡೆ ಒಲವಿದ್ದರೆ ಸರಿ. ಮನೆಯ ರೂಪವೇ ಮುಖ್ಯ ಅನ್ನುವವರಿಗೆ ಇದು ಬಳಸು ದಾರಿ.

ನನ್ನ ತೂಕ

ಮನೆಯಲ್ಲಿ ಮೂರು ವರ್ಷದೊಳಗೆ ದುಡಿಮೆ ಬೇಕು, ಹುಡುಗ ಗಣಿತದಲ್ಲಿ ತಕ್ಕಮಟ್ಟಿಗೆ ಇದ್ದಾನೆ: ಡಿಪ್ಲೊಮಾ ಸಿವಿಲ್, ರಜೆಯಲ್ಲಿ ಕ್ಯಾಡ್. ಗಣಿತ ತೊಡಕು, ಕೈ ಚೆನ್ನಾಗಿದೆ: ಐಟಿಐ, ಆಮೇಲೆ ಡಿಪ್ಲೊಮಾ ಎರಡನೇ ವರ್ಷ. ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ, ಕಟ್ಟಡ ಕಂಡರೆ ನಿಂತು ನೋಡುತ್ತಾಳೆ, ಮನೆಯವರು ಅಷ್ಟು ವರ್ಷ ತಾಳಿಕೊಳ್ಳುತ್ತಾರೆ: ಬಿ.ಆರ್ಕ್, ಅನುಮಾನ ಬೇಡ. ಬರೀ ಕ್ಯಾಡ್ ಕ್ಲಾಸಿನ ಮೇಲೆ ಹದಿನಾರರ ಮಗುವಿನ ಬದುಕು ಇಡುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

"ಹೆಣ್ಣು ಹುಡುಗಿ, ಸೈಟಿಗೆ ಹ್ಯಾಂಗ ಕಳಸೋದ್ರಿ?" ಎಂದು ಇನ್ನೂ ಕೇಳುತ್ತಾರೆ. ನಮ್ಮಲ್ಲಿ ಕೆಲಸ ಮಾಡುವ ಯಾದಗಿರಿಯ ಹುಡುಗಿ ಐಟಿಐ ಓದಿದವಳು. ಸ್ಲ್ಯಾಬ್ ಹಾಕುವ ದಿನ ಕಬ್ಬಿಣದ ಅಂತರ ಅಳೆಯಲು ಏಣಿ ಹತ್ತುವವಳು ಅವಳೇ. ಬಾರ್ ಬೆಂಡರ್‌ಗಳು ನನಗಿಂತ ಅವಳಿಗೆ ಹೆಚ್ಚು ಅಂಜುತ್ತಾರೆ.

ವಾಸ್ತುವನ್ನು ಕೋರ್ಸುಗಳಲ್ಲಿ ಪಾಠ ಮಾಡುವುದು ಕಡಿಮೆ, ಆದರೆ ಬಂದ ಮಾಲೀಕರೆಲ್ಲ ಅದನ್ನೇ ಮೊದಲು ಕೇಳುತ್ತಾರೆ. ಆಗ್ನೇಯಕ್ಕೆ ಅಡಿಗೆ, ಈಶಾನ್ಯಕ್ಕೆ ದೇವರು, ಅಲ್ಲಿ ಪಾಯಖಾನೆ ಬೇಡ. ನೀವು ನಂಬಿದರೂ ಸರಿ ಬಿಟ್ಟರೂ ಸರಿ, ಮಾಲೀಕರ ನಂಬಿಕೆಗೆ ಜಾಗ ಮಾಡಿಕೊಟ್ಟು ಗಾಳಿ-ಬೆಳಕು ಕೆಡದಂತೆ ನೋಡುವುದು ಆಫೀಸಿನಲ್ಲೇ ಕಲಿಯಬೇಕಾದ ಚಾಲಾಕಿ.

371ಜೆ ಕಾಗದ ಮರೆಯಬೇಡಿ

ನಮ್ಮ ಭಾಗದ ಮಕ್ಕಳಿಗೆ ಒಂದು ಅನುಕೂಲವಿದೆ, ಅದನ್ನು ಕೊನೆಯ ವಾರದಲ್ಲಿ ನೆನೆಸಿಕೊಂಡು ಓಡಾಡುತ್ತಾರೆ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳ ಜೊತೆ ವೃತ್ತಿ ತರಬೇತಿ ಸಂಸ್ಥೆಗಳನ್ನೂ ಹೆಸರಿಟ್ಟು ಹೇಳುತ್ತದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳೊಳಗಿನ ಕಾಲೇಜುಗಳಲ್ಲಿ ಶೇ. 70 ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ ಶೇ. 8. ಮುಂದೆ ಸ್ಥಳೀಯ ಸರ್ಕಾರಿ ಹುದ್ದೆಗಳಲ್ಲೂ ಇದು ಬೇಕಾಗುತ್ತದೆ, ಸಿ ವೃಂದದಲ್ಲಿ ಶೇ. 80 ಸ್ಥಳೀಯರಿಗೇ.

ಬೆಂಗಳೂರಿನಲ್ಲಿ ಬಿ.ಆರ್ಕ್ ಓದುವ ಆಸೆ ಇದ್ದವರಿಗೂ ಆ ಶೇ. 8ರ ಪಟ್ಟಿ ನೋಡುವುದು ಒಳ್ಳೆಯದು, ಸಾಮಾನ್ಯ ಪಟ್ಟಿಯಲ್ಲಿ ಸಿಗದ ಕಾಲೇಜು ಅಲ್ಲಿ ಸಿಕ್ಕೀತು. ಇದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಹುಟ್ಟಿದ ಅಥವಾ ವಾಸವಿದ್ದ ದಾಖಲೆ, ಶಾಲೆಯ ವ್ಯಾಸಂಗ ಪ್ರಮಾಣಪತ್ರ ಕೇಳುತ್ತಾರೆ. ತಂದೆಯ ಹೆಸರು ಶಾಲೆಯಲ್ಲಿ ಒಂದು ಥರ, ಆಧಾರ್‌ನಲ್ಲಿ ಒಂದು ಥರ ಇದ್ದರೆ ಅದನ್ನು ಮೊದಲು ಸರಿ ಮಾಡಿಸಿ. ಜೇವರ್ಗಿಯ ಆ ಹುಡುಗನದು ಹೀಗೇ ಒಂದು ಅಕ್ಷರದ ವ್ಯತ್ಯಾಸಕ್ಕೆ ಹನ್ನೊಂದು ದಿನ ತಡವಾಯಿತು. ಮೊದಲ ಸುತ್ತು ತಪ್ಪಿ ಎರಡನೇ ಸುತ್ತಿನಲ್ಲಿ ಪಾಲಿಟೆಕ್ನಿಕ್ ಸೀಟು ಸಿಕ್ಕಿತು. ಫಲಿತಾಂಶಕ್ಕೆ ಕಾಯಬೇಡಿ, ಪರೀಕ್ಷೆ ಮುಗಿದ ಮರುದಿನವೇ ಅರ್ಜಿ ಹಾಕಿ.